1932ರ ‘ಬೋನಸ್ ಸೈನ್ಯ’: ಪದೇ ಪದೇ ಕೇಳುವ ಪ್ರಶ್ನೆಗಳು

1932ರ ಜುಲೈ 28ರ ಸಂಜೆ ಅಮೆರಿಕದ ಸೈನ್ಯ ತನ್ನದೇ ರಾಜಧಾನಿಯ ಬೀದಿಯಲ್ಲಿ ತನ್ನದೇ ಮಾಜಿ ಸೈನಿಕರ ಮೇಲೆ ಕುದುರೆ, ಟ್ಯಾಂಕು, ಅಶ್ರುವಾಯು ಸಮೇತ ಎರಗಿತು. ಮೊದಲ ಮಹಾಯುದ್ಧದ ಸೇವೆಗಾಗಿ ಸರ್ಕಾರ ಒಪ್ಪಿಕೊಂಡಿದ್ದ ‘ಬೋನಸ್’ ಹಣವನ್ನು ಈಗಲೇ ಕೊಡಿ ಎಂದು ವಾಷಿಂಗ್ಟನ್ನಿಗೆ ಬಂದು ಬೀಡುಬಿಟ್ಟಿದ್ದ ಇವರೇ ‘ಬೋನಸ್ ಸೈನ್ಯ’. ಇಷ್ಟು ಕೇಳಿದವರು ಮುಂದೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತೆರನವು. ಅವುಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ನಡುವೆ ಸ್ವಲ್ಪ ಲೆಕ್ಕಾಚಾರ ಬರುತ್ತದೆ, ಬೇಸರ ಪಡಬೇಡಿ. ಜಗಳವೆಲ್ಲ ಆ ಲೆಕ್ಕದ ಸುತ್ತಲೇ ಇದೆ. ಇನ್ನೊಂದು ಮಾತು: ಇಲ್ಲಿ ‘ಕಾಂಗ್ರೆಸ್’ ಎಂದಿರುವಲ್ಲೆಲ್ಲ ಅದು ಅಮೆರಿಕದ ಸಂಸತ್ತು.

ಬೋನಸ್ ಎಂದರೆ ಹಬ್ಬಕ್ಕೆ ಕೊಡುವ ಹೆಚ್ಚುವರಿ ಹಣದಂತೆಯೇ?

ಅಲ್ಲ. ಆ ಹೆಸರೇ ಅವರಿಗೆ ಮುಳುವಾಯಿತು ಎಂಬುದು ನನ್ನ ಅಭಿಪ್ರಾಯ.

1917ರ ಏಪ್ರಿಲ್‌ನಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದ ಮೇಲೆ ಸಾಮಾನ್ಯ ಸಿಪಾಯಿಯ ಸಂಬಳ ತಿಂಗಳಿಗೆ 30 ಡಾಲರ್, ಅಂದರೆ ದಿನಕ್ಕೊಂದು ಡಾಲರ್. ಅದರಲ್ಲೇ ವಿಮೆಯ ಕಂತು ಕಡಿತವಾಗುತ್ತಿತ್ತು, ಮನೆಗೆ ಕಳಿಸುವ ಪಾಲೂ ಹೋಗುತ್ತಿತ್ತು. ಅದೇ ಹೊತ್ತಿಗೆ ಊರಿನಲ್ಲೇ ಉಳಿದು ಹಡಗುಕಟ್ಟೆಯಲ್ಲೋ ಮದ್ದುಗುಂಡಿನ ಕಾರ್ಖಾನೆಯಲ್ಲೋ ದುಡಿದವನು ಇದರ ಹಲವು ಪಟ್ಟು ಗಳಿಸುತ್ತಿದ್ದ. ಫ್ರಾನ್ಸಿನ ಕಂದಕದಿಂದ ಮರಳಿದವನಿಗೆ ಸಿಕ್ಕಿದ್ದು ಬಿಡುಗಡೆಯ ಕಾಗದ, 60 ಡಾಲರ್, ಮತ್ತು ದುಪ್ಪಟ್ಟಾಗಿದ್ದ ಸಾಮಾನಿನ ಬೆಲೆ. ‘ಕಾರ್ಖಾನೆಯವನಿಗೂ ನನಗೂ ನಡುವೆ ಇರುವ ಕೂಲಿಯ ಅಂತರವನ್ನು ತುಂಬಿಕೊಡಿ’ ಎಂಬುದು ಅವನ ಬೇಡಿಕೆ. 1924ರ ಕಾಯ್ದೆಯ ಹೆಸರಿನಲ್ಲಿಯೂ ಇರುವುದು ‘ಸರಿದೂಗಿಸಿದ ಪರಿಹಾರ’ ಎಂಬ ಮಾತೇ. ಬೋನಸ್ ಎಂಬ ಪದವಿಲ್ಲ. ಕೊಡಬಾರದು ಎನ್ನುವವರು ಅದನ್ನು ಬೋನಸ್ ಎಂದು ಕರೆದರು, ಪತ್ರಿಕೆಗಳು ಎತ್ತಿಕೊಂಡವು, ಕೊನೆಗೆ ಸೈನಿಕರ ಬಾಯಲ್ಲೂ ಅದೇ ನಿಂತಿತು. ಬಾಕಿ ಕೇಳುವವನು ಸಾಲಗಾರನ ಮನೆಯ ಬಾಗಿಲು ತಟ್ಟಬಹುದು. ಬೋನಸ್ ಕೇಳುವವನು ಅಂಗಳದಲ್ಲಿ ನಿಂತು ಕಾಯಬೇಕು.

ನಮ್ಮಲ್ಲಿಯೂ ಈ ಪದ ಕಾರ್ಮಿಕ ಜಗತ್ತಿಗೆ ಕಾಲಿಟ್ಟದ್ದು ಅದೇ ಯುದ್ಧಕಾಲದಲ್ಲಿ. ಅಹಮದಾಬಾದಿನ ಗಿರಣಿಗಳು ಪ್ಲೇಗ್ ಹೊತ್ತಿನಲ್ಲಿ ಕೊಟ್ಟ ಬೋನಸನ್ನು ಹಿಂತೆಗೆದುಕೊಂಡಾಗ ಎದ್ದ ಜಗಳವೇ 1918ರ ಮುಷ್ಕರಕ್ಕೂ ಗಾಂಧೀಜಿಯ ಉಪವಾಸಕ್ಕೂ ಕಾರಣ. ಮಾಲೀಕರ ಕೃಪೆ ಎನಿಸಿಕೊಂಡಿದ್ದ ಬೋನಸ್ 1965ರಲ್ಲಿ ಭಾರತದಲ್ಲಿ ಕಾನೂನಿನ ಹಕ್ಕಾಯಿತು.

ಹಾಗಾದರೆ ಎಷ್ಟು ಹಣ ಕೊಡುತ್ತೇವೆ ಎಂದಿದ್ದರು?

ದೇಶದೊಳಗೆ ಸೇವೆ ಸಲ್ಲಿಸಿದ ಪ್ರತಿ ದಿನಕ್ಕೆ 1 ಡಾಲರ್, ಕಡಲಾಚೆಯ ಪ್ರತಿ ದಿನಕ್ಕೆ 1.25 ಡಾಲರ್. ಮೊದಲ 60 ದಿನ ಲೆಕ್ಕಕ್ಕಿಲ್ಲ, ಏಕೆಂದರೆ ಬಿಡುಗಡೆಯ ವೇಳೆ ಕೊಟ್ಟ 60 ಡಾಲರಿಗೆ ಅದು ವಜಾ. ಗರಿಷ್ಠ ಮಿತಿ ಕ್ರಮವಾಗಿ 500 ಮತ್ತು 625 ಡಾಲರ್. ಕ್ಯಾಪ್ಟನ್‌ಗಿಂತ ಮೇಲಿನ ಹುದ್ದೆಯವರಿಗೆ ಇಲ್ಲ.

ಮೊತ್ತ 50 ಡಾಲರ್ ದಾಟದಿದ್ದರೆ ಕೂಡಲೇ ನಗದು. ದಾಟಿದವರಿಗೆ, ಅಂದರೆ ಬಹುತೇಕ ಎಲ್ಲರಿಗೂ, ಒಂದು ಪ್ರಮಾಣಪತ್ರ. ಮೂಲ ಮೊತ್ತಕ್ಕೆ ಶೇ 25ರಷ್ಟು ಸೇರಿಸಿ, ಶೇ 4ರ ಚಕ್ರಬಡ್ಡಿ ಹಾಕಿ, ಇಪ್ಪತ್ತು ವರ್ಷಗಳ ನಂತರ, 1945ರಲ್ಲಿ, ಹಣ ಕೈಗೆ ಬರುತ್ತದೆ ಎಂಬುದು ಒಪ್ಪಂದ. 36 ಲಕ್ಷಕ್ಕೂ ಹೆಚ್ಚು ಪ್ರಮಾಣಪತ್ರಗಳು ಹೊರಟವು. ಒಂದೊಂದರ ಮುಖಬೆಲೆ ಸರಾಸರಿ 1000 ಡಾಲರಿನ ಆಸುಪಾಸು. 1945ಕ್ಕೆ ಮುಂಚೆ ಪೂರ್ತಿ ಹಣ ಸಿಗುವುದು ಒಂದೇ ಸಂದರ್ಭದಲ್ಲಿ: ಪಡೆದವನು ಸತ್ತರೆ ವಾರಸುದಾರರಿಗೆ. ಸೈನಿಕರು ಇದನ್ನು ‘ಗೋರಿಕಲ್ಲಿನ ಬೋನಸ್’ ಎಂದು ಆಡಿಕೊಂಡರು.

ಇಷ್ಟಕ್ಕೂ ಅಧ್ಯಕ್ಷ ಕಾಲ್ವಿನ್ ಕೂಲಿಜ್ ಒಪ್ಪಿರಲಿಲ್ಲ. ಕೊಂಡುಕೊಂಡ ದೇಶಭಕ್ತಿ ದೇಶಭಕ್ತಿಯೇ ಅಲ್ಲ ಎಂಬ ಅರ್ಥದ ಮಾತಾಡಿ ಮಸೂದೆಗೆ ವೀಟೊ ಹಾಕಿದರು. ಕಾಂಗ್ರೆಸ್ ಆ ವೀಟೊವನ್ನು ತಳ್ಳಿಹಾಕಿ ಕಾಯ್ದೆ ಮಾಡಿತು.

1945ಕ್ಕೆ ಎಂದು ಒಪ್ಪಿಕೊಂಡಿದ್ದರಲ್ಲ, 1932ರಲ್ಲಿ ಕೇಳಿದ್ದು ಸರಿಯೇ?

ಸರ್ಕಾರದ ಕಡೆಯವರು ಆಗ ಕೇಳಿದ್ದೂ ಇದನ್ನೇ. ತರ್ಕ ಸರಿಯಾಗಿಯೇ ಇದೆ. ಆದರೆ 1924ರಲ್ಲಿ ಕೈಯಲ್ಲಿ ಕೆಲಸವಿತ್ತು. 1929ರ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿದು ಮಹಾ ಆರ್ಥಿಕ ಮುಗ್ಗಟ್ಟು ಶುರುವಾಯಿತು. 1932ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬನಿಗೆ ಕೆಲಸವಿರಲಿಲ್ಲ. ಬ್ಯಾಂಕುಗಳು ಮುಳುಗುತ್ತಿದ್ದವು. ನಿರುದ್ಯೋಗ ಭತ್ಯೆ ಎಂಬುದು ಕೇಂದ್ರ ಸರ್ಕಾರದಲ್ಲಿ ಇರಲೇ ಇಲ್ಲ. ಮನೆಯ ಪೆಟ್ಟಿಗೆಯೊಳಗೆ ಸಾವಿರ ಡಾಲರಿನ ಕಾಗದ, ಒಲೆಯ ಮೇಲೆ ಬರಿ ಪಾತ್ರೆ. ಹದಿಮೂರು ವರ್ಷ ಕಾಯಿರಿ ಎಂದರೆ ಯಾರು ಕಾಯುತ್ತಾರೆ?

ಪ್ರಮಾಣಪತ್ರದ ಮೇಲೆ ಸಾಲ ಪಡೆಯುವ ದಾರಿಯೊಂದಿತ್ತು. 1931ರ ಫೆಬ್ರುವರಿಯಲ್ಲಿ ಕಾಂಗ್ರೆಸ್, ಅಧ್ಯಕ್ಷ ಹರ್ಬರ್ಟ್ ಹೂವರ್ ಅವರ ವೀಟೊ ಮೀರಿ, ಸಾಲದ ಮಿತಿಯನ್ನು ಮುಖಬೆಲೆಯ ಅರ್ಧಕ್ಕೆ ಏರಿಸಿತು. ಲಕ್ಷಾಂತರ ಮಂದಿ ತೆಗೆದುಕೊಂಡರು. ಅದಕ್ಕೆ ಅವರೇ ಬಡ್ಡಿ ಕಟ್ಟಬೇಕಿತ್ತು. ತನಗೆ ಬರಬೇಕಾದ ಹಣವನ್ನು ಕೊಡಬೇಕಾದವನಿಂದಲೇ ಬಡ್ಡಿಗೆ ಪಡೆಯುವ ಈ ಏರ್ಪಾಡನ್ನು ಯಾವ ಹಳ್ಳಿಯ ಸಾಹುಕಾರನೂ ಮೆಚ್ಚಿಯಾನು.

ವಾಷಿಂಗ್ಟನ್‌ಗೆ ಹೋಗೋಣ ಎಂದು ಮೊದಲು ಹೊರಟವರು ಯಾರು?

ಪಶ್ಚಿಮ ತೀರದ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡಿನ ಸುಮಾರು 300 ಮಂದಿ. ಮುಂದಾಳು ವಾಲ್ಟರ್ ವಾಟರ್ಸ್, ಯುದ್ಧದಲ್ಲಿ ಸಾರ್ಜೆಂಟ್ ಆಗಿದ್ದವರು, ಹಣ್ಣು ತರಕಾರಿ ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸ ಮಾಡಿ, ಅದನ್ನೂ ಕಳೆದುಕೊಂಡವರು. ಟೆಕ್ಸಾಸಿನ ಕಾಂಗ್ರೆಸ್ ಸದಸ್ಯ ರೈಟ್ ಪ್ಯಾಟ್‌ಮನ್, ಹಣವನ್ನು ಈಗಲೇ ಕೊಡಬೇಕೆಂಬ ಮಸೂದೆ ಮಂಡಿಸಿದ್ದರು. ಅದಕ್ಕೆ ಬಲ ಕೊಡಲು ಇವರು 1932ರ ಮೇ ತಿಂಗಳಲ್ಲಿ ಗೂಡ್ಸ್ ರೈಲು ಹತ್ತಿದರು, ದನ ಸಾಗಿಸುವ ಬೋಗಿಗಳಲ್ಲಿ.

ಇಡೀ ದೇಶ ಇವರತ್ತ ತಿರುಗಿದ್ದು ಅದೇ ತಿಂಗಳು, ಇಲಿನಾಯ್ ರಾಜ್ಯದ ಈಸ್ಟ್ ಸೇಂಟ್ ಲೂಯಿಸ್‌ನಲ್ಲಿ. ರೈಲು ಕಂಪನಿ ಹತ್ತಲು ಬಿಡಲಿಲ್ಲ. ಇವರು ಹಳಿಗೆ ಸಾಬೂನು ಬಳಿದರು, ಬೋಗಿಗಳ ಕೊಂಡಿ ಕಳಚಿದರು. ಕೊನೆಗೆ ರಾಜ್ಯದ ಪಡೆಯೇ ಲಾರಿಗಳಲ್ಲಿ ತುಂಬಿ ಪಕ್ಕದ ರಾಜ್ಯದ ಗಡಿಗೆ ಬಿಟ್ಟುಬಂದಿತು. ಅಲ್ಲಿಂದ ಮುಂದೆ ಪ್ರತಿ ರಾಜ್ಯವೂ ‘ನಮ್ಮಲ್ಲಿ ಬೇಡ, ಮುಂದಕ್ಕೆ ಹೋಗಿ’ ಎಂದು ಲಾರಿ ಕೊಟ್ಟಿತು! ತೊಲಗಿದರೆ ಸಾಕೆಂದು ಸಾಗಹಾಕಿದವರೇ ಅವರನ್ನು ಗುರಿ ಮುಟ್ಟಿಸಿದರು. ಮೇ 29ರಂದು ವಾಷಿಂಗ್ಟನ್ ಸೇರಿದ ಹೊತ್ತಿಗೆ ಪತ್ರಿಕೆ ಓದಿದ, ರೇಡಿಯೊ ಕೇಳಿದ ಮಾಜಿ ಸೈನಿಕರು ಎಲ್ಲ ದಿಕ್ಕಿನಿಂದ ಹೊರಟಾಗಿತ್ತು. ಯುದ್ಧಕ್ಕೆ ಹೋದ ಪಡೆಯ ಹೆಸರನ್ನೇ ತುಸು ತಿರುಚಿ ತಮ್ಮನ್ನು ‘ಬೋನಸ್ ದಂಡಯಾತ್ರಾ ಪಡೆ’ ಎಂದು ಕರೆದುಕೊಂಡರು.

ಎಷ್ಟು ಜನ ಸೇರಿದ್ದರು?

ಮಾಜಿ ಸೈನಿಕರೇ ಸುಮಾರು 17,000. ಹೆಂಡತಿ ಮಕ್ಕಳು, ಬೆಂಬಲಕ್ಕೆ ಬಂದವರು ಸೇರಿ 40,000ದ ಮೇಲೆ ಎಂಬುದು ಹೆಚ್ಚಾಗಿ ಹೇಳುವ ಲೆಕ್ಕ. ಬರುವವರು ಹೋಗುವವರು ದಿನವೂ ಇದ್ದುದರಿಂದ ಇದನ್ನು ಅಂದಾಜು ಎಂದೇ ತಿಳಿಯಿರಿ.

ಅಷ್ಟು ಜನ ಎಲ್ಲಿ ಉಳಿದರು? ಊಟಕ್ಕೇನು ಮಾಡಿದರು?

ಹೆಚ್ಚಿನವರು ಅನಕೋಸ್ಟಿಯ ನದಿಯಾಚೆಯ ಕೆಸರು ಬಯಲಿನಲ್ಲಿ. ಕಾಂಗ್ರೆಸ್ ಭವನ ಅಲ್ಲಿಂದ ಕಣ್ಣಳತೆಯ ದೂರ, ನಡುವೆ ಒಂದು ಎತ್ತುಸೇತುವೆ, ಅಂದರೆ ಬೇಕೆಂದಾಗ ಮೇಲಕ್ಕೆ ಎತ್ತಬಹುದಾದ ಸೇತುವೆ. ಪಕ್ಕದ ಕಸದ ರಾಶಿಯಿಂದ ಹೆಕ್ಕಿದ ತಗಡು, ಹಲಗೆ, ರಟ್ಟು, ಹಳೆಯ ಕಾರಿನ ಭಾಗಗಳಿಂದ ಜೋಪಡಿ ಎದ್ದವು. ಒಳಗೆ ಮಾತ್ರ ಸಿಪಾಯಿಗಳ ಶಿಸ್ತು: ಗೆರೆ ಎಳೆದಂತೆ ಬೀದಿಗಳು, ತೋಡಿದ ಶೌಚದ ಗುಂಡಿಗಳು, ಬೆಳಗಿನ ತುತ್ತೂರಿ, ಪುಸ್ತಕ ಎರವಲು ಕೊಡುವ ಡೇರೆ, ಕ್ಷೌರದ ಜಾಗ, ತಮ್ಮದೇ ಒಂದು ಪತ್ರಿಕೆ. ಹೆಸರು ನೋಂದಾಯಿಸಲು ಸೈನ್ಯದ ಬಿಡುಗಡೆ ಪತ್ರ ತೋರಿಸಬೇಕಿತ್ತು. ಭಿಕ್ಷೆ ಬೇಡಬಾರದು, ಕುಡಿಯಬಾರದು, ಉಗ್ರಗಾಮಿ ಮಾತು ಆಡಬಾರದು ಎಂಬುದು ವಾಟರ್ಸ್ ಹಾಕಿದ ನಿಯಮ.

ಯುದ್ಧದಲ್ಲಿ ಕರಿಯರನ್ನು ಬೇರೆ ತುಕಡಿಗಳಲ್ಲಿ ಇಟ್ಟಿದ್ದ ಸೈನ್ಯ ಅದು. ರಾಜಧಾನಿಯೂ ಬಣ್ಣದ ಗೆರೆ ಎಳೆದುಕೊಂಡಿದ್ದ ಊರು. ಶಿಬಿರದಲ್ಲಿ ಕರಿಯರು ಬಿಳಿಯರು ಅಕ್ಕಪಕ್ಕದ ಜೋಪಡಿಗಳಲ್ಲಿದ್ದರು, ಒಂದೇ ಸಾಲಿನಲ್ಲಿ ಊಟಕ್ಕೆ ನಿಂತರು. ಕರಿಯರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಪತ್ರಕರ್ತ ರಾಯ್ ವಿಲ್ಕಿನ್ಸ್ ಇದನ್ನು ಕಣ್ಣಾರೆ ಕಂಡು ಬೆರಗಿನಿಂದ ಬರೆದರು. ಅಧಿಕಾರಸ್ಥರಲ್ಲಿ ಕೆಲವರಿಗೆ ಇದೇ ಒಂದು ಅಪಾಯದ ಸೂಚನೆಯಂತೆ ಕಂಡಿತು.

ಊಟ ದಾನಿಗಳಿಂದ ಬರುತ್ತಿತ್ತು. ನಗರದ ಪೊಲೀಸ್ ಮುಖ್ಯಸ್ಥ ಪೆಲ್ಹ್ಯಾಮ್ ಗ್ಲಾಸ್‌ಫರ್ಡ್ ಸ್ವತಃ ಯುದ್ಧದಲ್ಲಿ ಬ್ರಿಗೇಡಿಯರ್ ಜನರಲ್ ಆಗಿದ್ದವರು. ಮೋಟಾರ್ ಸೈಕಲ್ ಏರಿ ಶಿಬಿರ ಸುತ್ತುತ್ತಿದ್ದರು, ತಮ್ಮ ಕೈಯಿಂದ ಹಣ ಹಾಕಿದರು, ಶಿಬಿರದ ಖಜಾಂಚಿಯೂ ಆದರು. ಓಡಿಸಬೇಕಾದವನೇ ಖಜಾಂಚಿ! ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಹಿಡಿಸಿದ ವ್ಯಕ್ತಿ ಇವರು. ಸಿರಿವಂತೆ ಎವಲಿನ್ ವಾಲ್ಷ್ ಮೆಕ್ಲೀನ್ ಒಂದು ರಾತ್ರಿ ಸಾವಿರ ಸ್ಯಾಂಡ್‌ವಿಚ್ ಮತ್ತು ಕಾಫಿ ತರಿಸಿ ಹಂಚಿದರು. ಆಗ ಹೋಪ್ ವಜ್ರದ ಒಡತಿ ಅವರೇ. ಗೋಲ್ಕೊಂಡ ಸೀಮೆಯ ಕೊಲ್ಲೂರು ಗಣಿಯಲ್ಲಿ ಸಿಕ್ಕಿದ್ದೆಂದು ನಂಬಲಾದ ಅದೇ ನೀಲಿ ಕಲ್ಲು.

ಮಸೂದೆ ಏನಾಯಿತು?

ಜೂನ್ 15ರಂದು ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 211–176 ಮತಗಳಿಂದ ಗೆದ್ದಿತು. ಎರಡು ದಿನಗಳ ನಂತರ ಮೇಲ್ಮನೆಯಾದ ಸೆನೆಟ್‌ನಲ್ಲಿ 62–18 ಅಂತರದಲ್ಲಿ ಬಿದ್ದುಹೋಯಿತು. ಆ ಸಂಜೆ ಸಾವಿರಾರು ಮಂದಿ ಕಾಂಗ್ರೆಸ್ ಭವನದ ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದರು. ಇನ್ನಷ್ಟು ಜನ ಬಾರದಿರಲೆಂದು ಅಧಿಕಾರಿಗಳು ಅನಕೋಸ್ಟಿಯದ ಎತ್ತುಸೇತುವೆಯನ್ನು ಎತ್ತಿಸಿಬಿಟ್ಟಿದ್ದರು. ವಾಟರ್ಸ್ ಹೊರಬಂದು ಸೋತ ಸುದ್ದಿ ಹೇಳಿದರು. ದೊಂಬಿಯಾಗುತ್ತದೆ ಎಂದು ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ ಆ ಜನ ಟೋಪಿ ತೆಗೆದು ದೇಶಭಕ್ತಿ ಗೀತೆಯೊಂದನ್ನು ಹಾಡಿ, ಸಾಲುಗಟ್ಟಿ ಶಿಬಿರಕ್ಕೆ ಮರಳಿದರು.

ಹೂವರ್ ಅಷ್ಟೊಂದು ಕಲ್ಲೆದೆಯವರೇ?

ಜನಪ್ರಿಯ ಕಥೆಯಲ್ಲಿ ಹೌದು. ದಾಖಲೆಯಲ್ಲಿ ಅಷ್ಟು ಸರಳವಿಲ್ಲ. ಕೂಡಲೇ ಕೊಡಬೇಕಿದ್ದ ಹಣ ಸುಮಾರು 240 ಕೋಟಿ ಡಾಲರ್. ಕೇಂದ್ರ ಸರ್ಕಾರದ ಅಂದಿನ ಒಂದು ವರ್ಷದ ಖರ್ಚಿನ ಅರ್ಧ. ಆದಾಯ ಕುಸಿಯುತ್ತಿದ್ದಾಗ ಆಯವ್ಯಯ ಸರಿದೂಗಿಸುವುದೇ ಮೊದಲ ಕರ್ತವ್ಯ ಎಂದು ನಂಬಿದ್ದವರು ಹೂವರ್ ಒಬ್ಬರೇ ಅಲ್ಲ, ಎರಡೂ ಪಕ್ಷಗಳಲ್ಲಿ ಅಂಥವರಿದ್ದರು. ಶಿಬಿರಕ್ಕೆ ಸೈನ್ಯದ ಉಗ್ರಾಣದಿಂದ ಡೇರೆ, ಮಂಚ ಹೋಗಲು ಅವರು ಸದ್ದಿಲ್ಲದೆ ಅನುಮತಿ ಕೊಟ್ಟಿದ್ದರು.

ಆದರೆ ಅವರು ಒಮ್ಮೆಯೂ ಆ ಸೈನಿಕರನ್ನು ಭೇಟಿಯಾಗಲಿಲ್ಲ. ಅದೇ ವರ್ಷದ ಆರಂಭದಲ್ಲಿ ಬ್ಯಾಂಕು ಮತ್ತು ರೈಲು ಕಂಪನಿಗಳಿಗೆ ಸಾಲ ಕೊಡಲು ಸರ್ಕಾರಿ ನಿಗಮವೊಂದನ್ನು ತೆರೆದಿದ್ದರು. ಬ್ಯಾಂಕಿಗೆ ಇದ್ದ ಹಣ ನಮಗೇಕಿಲ್ಲ ಎಂದು ಅನಕೋಸ್ಟಿಯದಲ್ಲಿ ಕೇಳಿದವರಿಗೆ ಆಯವ್ಯಯದ ಪಾಠ ಉತ್ತರವಾಗಲಿಲ್ಲ.

ಜುಲೈ 28ರಂದು ನಡೆದದ್ದೇನು?

ಮಧ್ಯ ಜುಲೈಯಲ್ಲಿ ಕಾಂಗ್ರೆಸ್ ಅಧಿವೇಶನ ಮುಗಿಸಿ ಹೊರಟಿತು. ಊರಿಗೆ ಮರಳುವವರಿಗೆ ರೈಲು ಖರ್ಚಿಗೆಂದು 1 ಲಕ್ಷ ಡಾಲರ್ ಮಂಜೂರಾಯಿತು, ಅದೂ ಅವರ ಬೋನಸ್‌ನಲ್ಲೇ ಮುರಿದುಕೊಳ್ಳುವ ಸಾಲವಾಗಿ. ಕೆಲವು ಸಾವಿರ ಜನ ಹೋದರು. ಊರೆಂಬುದೇ ಇಲ್ಲದವರು ಉಳಿದರು.

ಪೆನ್ಸಿಲ್ವೇನಿಯ ಅವೆನ್ಯೂ ರಸ್ತೆಯಲ್ಲಿ ಅರ್ಧ ಕೆಡವಿದ್ದ ಸರ್ಕಾರಿ ಕಟ್ಟಡಗಳಲ್ಲಿ ಒಂದಷ್ಟು ಜನ ಬೀಡುಬಿಟ್ಟಿದ್ದರು. 28ರ ಬೆಳಿಗ್ಗೆ ಪೊಲೀಸರು ತೆರವು ಆರಂಭಿಸಿದರು. ಇಟ್ಟಿಗೆಗಳು ಹಾರಿದವು. ಮಧ್ಯಾಹ್ನ ಮತ್ತೆ ನೂಕಾಟವಾದಾಗ ಪೊಲೀಸರೊಬ್ಬರು ಗುಂಡು ಹಾರಿಸಿದರು. ವಿಲಿಯಂ ಹುಷ್ಕಾ ಅಲ್ಲೇ ಬಿದ್ದರು. ಎರಿಕ್ ಕಾರ್ಲ್‌ಸನ್ ಕೆಲವು ದಿನಗಳ ನಂತರ ತೀರಿಕೊಂಡರು.

ಆಗ ಹೂವರ್ ಸೈನ್ಯವನ್ನು ಕರೆದರು. ಬಂದವರು ಯಾರು ನೋಡಿ: ಸೇನಾ ಮುಖ್ಯಸ್ಥ ಡಗ್ಲಾಸ್ ಮೆಕಾರ್ಥರ್, ಅವರ ಸಹಾಯಕ ಮೇಜರ್ ಡ್ವೈಟ್ ಐಸೆನ್‌ಹೋವರ್, ಅಶ್ವದಳದೊಂದಿಗೆ ಮೇಜರ್ ಜಾರ್ಜ್ ಪ್ಯಾಟನ್. ಎರಡನೇ ಮಹಾಯುದ್ಧದ ಮೂವರು ಹೆಸರಾಂತರು ಒಂದೇ ಬೀದಿಯಲ್ಲಿ, ನಿರಾಯುಧರ ಎದುರು. ಇದು ಸೇನಾ ಮುಖ್ಯಸ್ಥರು ತಾವೇ ಹೋಗುವ ಕೆಲಸವಲ್ಲ ಎಂದು ಐಸೆನ್‌ಹೋವರ್ ಹೇಳಿದ್ದರಂತೆ. ಮೆಕಾರ್ಥರ್ ಪದಕಗಳಿದ್ದ ಸಮವಸ್ತ್ರ ತರಿಸಿ ತೊಟ್ಟು ಹೊರಟರು.

ಸರ್ಕಾರಿ ನೌಕರರು ಕಚೇರಿ ಬಿಟ್ಟು ಮನೆಗೆ ಹೊರಡುವ ಹೊತ್ತು. ಪಾದಚಾರಿ ಮಾರ್ಗದ ತುಂಬ ಜನ. ಕುದುರೆಗಳು ಬರುವುದನ್ನು ಕಂಡ ಕೆಲವು ಮಾಜಿ ಸೈನಿಕರು ತಮ್ಮ ಗೌರವಾರ್ಥ ಪಥಸಂಚಲನವೆಂದು ಚಪ್ಪಾಳೆ ತಟ್ಟಿದರೆಂದು ಹೇಳುತ್ತಾರೆ. ಮರುಕ್ಷಣ ಸವಾರರು ಕತ್ತಿ ಹಿರಿದು ಜನರ ಮೇಲೆ ನುಗ್ಗಿದರು. ಹಿಂದೆ ಬಯೊನೆಟ್ ಸಿಕ್ಕಿಸಿದ ಬಂದೂಕಿನ ಪದಾತಿಗಳು, ಐದಾರು ಟ್ಯಾಂಕುಗಳು, ಅಶ್ರುವಾಯು. ನೋಡಲು ನಿಂತಿದ್ದವರೂ ಕಣ್ಣುಜ್ಜಿಕೊಂಡು ಓಡಿದರು.

ಸೇತುವೆ ದಾಟಬಾರದೆಂದು ಹೂವರ್ ಕಳಿಸಿದ ಆದೇಶವನ್ನು ಮೆಕಾರ್ಥರ್ ಲೆಕ್ಕಕ್ಕಿಡಲಿಲ್ಲ. ರಾತ್ರಿ ಸೈನ್ಯ ಅನಕೋಸ್ಟಿಯಕ್ಕೆ ನುಗ್ಗಿತು. ಹೆಂಗಸರು ಮಕ್ಕಳು ಕೈಗೆ ಸಿಕ್ಕಿದ್ದನ್ನು ಹೊತ್ತು ಓಡಿದರು. ಜೋಪಡಿಗಳು ಧಗಧಗ ಉರಿದವು. ಆ ಬೆಂಕಿಯ ಬೆಳಕು ಶ್ವೇತಭವನಕ್ಕೂ ಕಂಡಿತು. ಆದೇಶ ಮೀರಿದ್ದಕ್ಕೆ ಮೆಕಾರ್ಥರ್ ಅವರಿಗೆ ಶಿಕ್ಷೆಯಾಗಲಿಲ್ಲ. ಹೂವರ್ ಬಹಿರಂಗವಾಗಿ ಹೊಣೆಯನ್ನು ತಾವೇ ಹೊತ್ತರು.

ಸೈನ್ಯ ಗುಂಡು ಹಾರಿಸಿತೇ?

ಇಲ್ಲ. ಆ ಎರಡು ಸಾವು ಪೊಲೀಸ್ ಗುಂಡಿನಿಂದ, ಸೈನ್ಯ ಬರುವ ಮುಂಚೆಯೇ ಆದದ್ದು. ಎರಡನ್ನೂ ಬೆರೆಸಿ ಹೇಳುವುದು ತುಂಬ ಸಾಮಾನ್ಯವಾದ ತಪ್ಪು.

ಅವರೆಲ್ಲ ಕಮ್ಯುನಿಸ್ಟರಾಗಿದ್ದರು ಎಂಬುದು ನಿಜವೇ?

ಕಮ್ಯುನಿಸ್ಟರ ಸಣ್ಣದೊಂದು ಗುಂಪು ಇತ್ತು. ಅವರನ್ನು ಹತ್ತಿರ ಸೇರಿಸದಿದ್ದವರು ಶಿಬಿರದ ಸೈನಿಕರೇ. ಶಿಬಿರದಲ್ಲಿದ್ದವರಲ್ಲಿ ಬಹಳಷ್ಟು ಮಂದಿ ಸೈನಿಕರೇ ಅಲ್ಲ, ಕ್ರಾಂತಿಕಾರಿಗಳು ಮತ್ತು ಅಪರಾಧಿಗಳು ಎಂಬುದು ಸರ್ಕಾರದ ಸಮರ್ಥನೆಯಾಗಿತ್ತು. ಸರ್ಕಾರದ್ದೇ ಮಾಜಿ ಸೈನಿಕರ ಇಲಾಖೆ ದಾಖಲೆಗಳನ್ನು ತಾಳೆ ನೋಡಿದಾಗ ಸಿಕ್ಕ ಲೆಕ್ಕ ಬೇರೆ: ಶೇ 94ರಷ್ಟು ಜನ ಸೈನ್ಯದಲ್ಲೋ ನೌಕಾಪಡೆಯಲ್ಲೋ ಇದ್ದವರು, ಶೇ 67ರಷ್ಟು ಕಡಲಾಚೆ ಹೋಗಿದ್ದವರು, ಶೇ 20ರಷ್ಟು ಅಂಗವೈಕಲ್ಯ ಹೊತ್ತವರು.

ಪ್ಯಾಟನ್ ಅವರ ಪ್ರಾಣ ಉಳಿಸಿದವನೇ ಆ ಗುಂಪಿನಲ್ಲಿದ್ದನಂತೆ, ಕಟ್ಟುಕಥೆಯೇ?

ನಿಜ. ಹೆಸರು ಜೋ ಆಂಜೆಲೊ. 1918ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನಲ್ಲಿ ಗಾಯಗೊಂಡು ಬಿದ್ದಿದ್ದ ಪ್ಯಾಟನ್ ಅವರನ್ನು ಗುಂಡಿನ ಮಳೆಯ ನಡುವೆ ಗುಂಡಿಯೊಂದಕ್ಕೆ ಎಳೆದುಕೊಂಡು ಹೋಗಿ ಕಾಪಾಡಿದವರು. ಅದಕ್ಕಾಗಿ ಶೌರ್ಯಪದಕವೂ ಬಂದಿತ್ತು. ಶಿಬಿರ ಸುಟ್ಟ ಮೇಲೆ ಅವರು ಪ್ಯಾಟನ್ ಅವರನ್ನು ಕಾಣಲು ಹೋದಾಗ, ಈ ಮನುಷ್ಯ ತನಗೆ ಗೊತ್ತಿಲ್ಲ, ಕರೆದುಕೊಂಡು ಹೋಗಿ ಎಂದುಬಿಟ್ಟರು ಪ್ಯಾಟನ್. ಪ್ಯಾಟನ್ ಕುಟುಂಬ ಆಂಜೆಲೊಗೆ ಹಿಂದೆ ಹಣದ ನೆರವು ನೀಡಿತ್ತು ಎಂಬುದನ್ನೂ ಹೇಳಬೇಕು. ಅಂದು ಅವರು ಬಂದದ್ದು ನೆರವು ಕೇಳಲೆಂದೇ ಎಂಬುದಕ್ಕೆ ಮಾತ್ರ ಆಧಾರವಿಲ್ಲ.

ಇದರಿಂದಲೇ ಹೂವರ್ ಚುನಾವಣೆ ಸೋತರೇ?

ಇದೂ ಒಂದು ಕಾರಣ, ಇದೊಂದೇ ಅಲ್ಲ. ನವೆಂಬರಿನಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ 48 ರಾಜ್ಯಗಳ ಪೈಕಿ 42ನ್ನು ಗೆದ್ದರು. ಆರ್ಥಿಕ ಮುಗ್ಗಟ್ಟೊಂದೇ ಅಷ್ಟಕ್ಕೆ ಸಾಕಿತ್ತು.

ರೂಸ್‌ವೆಲ್ಟ್ ಬಂದ ಮೇಲೆ ಹಣ ಕೊಟ್ಟರೇ?

ಕೊಡಲಿಲ್ಲ! ಹೂವರ್ ಖಳ, ರೂಸ್‌ವೆಲ್ಟ್ ನಾಯಕ ಎಂದುಕೊಂಡವರು ಇಲ್ಲಿ ಸ್ವಲ್ಪ ನಿಲ್ಲಬೇಕು. 1933ರ ಮಾರ್ಚ್‌ನಲ್ಲಿ ಅಧಿಕಾರಕ್ಕೆ ಬಂದ ಕೆಲವೇ ದಿನಗಳಲ್ಲಿ ಅವರು ಮಾಜಿ ಸೈನಿಕರಿಗೆ ಸಿಗುತ್ತಿದ್ದ ಸೌಲಭ್ಯಗಳಿಗೇ ಕತ್ತರಿ ಹಾಕುವ ಕಾಯ್ದೆ ತಂದರು. ಮೇ ತಿಂಗಳಲ್ಲಿ ಮತ್ತೊಂದು ತಂಡ ರಾಜಧಾನಿಗೆ ಬಂತು. ಈ ಬಾರಿ ಸರ್ಕಾರವೇ ವರ್ಜೀನಿಯದ ಫೋರ್ಟ್ ಹಂಟ್‌ನಲ್ಲಿ ಡೇರೆ ಹಾಕಿ ಮೂರು ಹೊತ್ತು ಊಟ ಕೊಟ್ಟಿತು. ಅಧ್ಯಕ್ಷರ ಪತ್ನಿ ಎಲೆನಾರ್ ಕೆಸರಿನಲ್ಲಿ ನಡೆದುಬಂದು ಅವರೊಡನೆ ಮಾತಾಡಿದರು, ಹಾಡಿದರು. ‘ಹೂವರ್ ಸೈನ್ಯ ಕಳಿಸಿದರು, ರೂಸ್‌ವೆಲ್ಟ್ ಹೆಂಡತಿಯನ್ನು ಕಳಿಸಿದರು’ ಎಂಬ ಮಾತು ಹುಟ್ಟಿದ್ದು ಆಗ. ಬೋನಸ್ ಬದಲು ಅರಣ್ಯ ಕಾಮಗಾರಿ ಶಿಬಿರಗಳಲ್ಲಿ ದಿನಕ್ಕೆ ಒಂದು ಡಾಲರಿನ ಕೆಲಸ ಕೊಟ್ಟರು. ಯುದ್ಧಕಾಲದ ಅದೇ ಕೂಲಿ, ಹದಿನೈದು ವರ್ಷಗಳ ನಂತರ.

ಕೆಲವರನ್ನು ಫ್ಲಾರಿಡಾದ ದ್ವೀಪಸಾಲಿನಲ್ಲಿ ಹೆದ್ದಾರಿ ಕೆಲಸಕ್ಕೆ ಕಳಿಸಿದ್ದರು. 1935ರ ಸೆಪ್ಟೆಂಬರ್ 2ರಂದು ಅಲ್ಲಿಗೆ ಭೀಕರ ಚಂಡಮಾರುತ ಅಪ್ಪಳಿಸಿತು. ಅವರನ್ನು ಕರೆತರಲು ರೈಲು ಹೊರಟಿದ್ದು ತಡವಾಗಿ. ಉಕ್ಕಿದ ಕಡಲು ಅದನ್ನು ಹಳಿಯಿಂದಲೇ ಉರುಳಿಸಿತು. ತೆಳು ಡೇರೆ, ಗುಡಿಸಲುಗಳಲ್ಲಿದ್ದ 250ಕ್ಕೂ ಹೆಚ್ಚು ಮಾಜಿ ಸೈನಿಕರು ಸತ್ತರು.

ಕೊನೆಗೆ ಹಣ ಬಂದದ್ದು ಯಾವಾಗ?

1936ರಲ್ಲಿ. ಹಿಂದಿನ ವರ್ಷ ರೂಸ್‌ವೆಲ್ಟ್ ಕಾಂಗ್ರೆಸ್ಸಿಗೆ ಖುದ್ದಾಗಿ ಹೋಗಿ ವೀಟೊ ಸಂದೇಶ ಓದಿದ್ದರು. 1936ರ ಜನವರಿಯಲ್ಲಿ ಅವರ ಇನ್ನೊಂದು ವೀಟೊವನ್ನು ಕಾಂಗ್ರೆಸ್ ಭಾರಿ ಬಹುಮತದಿಂದ ತಳ್ಳಿಹಾಕಿತು. 50 ಡಾಲರಿನ ಬಾಂಡುಗಳು ಸಿದ್ಧವಾಗಿ ಜೂನ್ 15ರಿಂದ ಅಂಚೆಯ ಮೂಲಕ ಹಂಚಿಕೆಯಾದವು. ಪ್ರತಿನಿಧಿ ಸಭೆಯಲ್ಲಿ ಮೊದಲ ಮಸೂದೆ ಗೆದ್ದು ಅಂದಿಗೆ ಸರಿಯಾಗಿ ನಾಲ್ಕು ವರ್ಷ. ತಲಾ ಸರಾಸರಿ 500 ಡಾಲರಿಗೂ ಹೆಚ್ಚು ಸಿಕ್ಕಿತು. ಜನ ಅದರ ಬಹುಪಾಲನ್ನು ಬೇಗನೆ ಖರ್ಚು ಮಾಡಿದರೆಂದು, ಕಾರುಗಳೂ ಚೆನ್ನಾಗಿ ಮಾರಾಟವಾದವೆಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ದೇಶ ದಿವಾಳಿಯಾಗಲಿಲ್ಲ.

ಮುಂದಿನ ಸೈನಿಕರಿಗೆ ಇದರಿಂದ ಏನಾದರೂ ಆಯಿತೇ?

ಆಯಿತು. ಎರಡನೇ ಮಹಾಯುದ್ಧ ಮುಗಿಯುವ ಮೊದಲೇ, 1944ರ ಜೂನ್ 22ರಂದು, ಮರಳುವ ಸೈನಿಕರಿಗೆ ಕಾಲೇಜಿನ ಶುಲ್ಕ, ಮನೆ ಸಾಲಕ್ಕೆ ಖಾತರಿ, ಕೆಲಸ ಸಿಗುವವರೆಗೆ ಒಂದು ವರ್ಷದ ತನಕ ವಾರಕ್ಕೆ 20 ಡಾಲರ್ ಕೊಡುವ ‘ಜಿಐ ಮಸೂದೆ’ ಕಾಯ್ದೆಯಾಯಿತು. ಸುಮಾರು 78 ಲಕ್ಷ ಜನ ಅದರಡಿ ಓದಿದರು ಅಥವಾ ತರಬೇತಿ ಪಡೆದರು. ಅದನ್ನು ಬರೆದವರ ಕಣ್ಣಮುಂದೆ ಅನಕೋಸ್ಟಿಯದ ಬೆಂಕಿ ಇತ್ತು. ಕರಿಯ ಸೈನಿಕರಿಗೆ ಮಾತ್ರ, ವಿಶೇಷವಾಗಿ ದಕ್ಷಿಣದ ರಾಜ್ಯಗಳಲ್ಲಿ, ಸ್ಥಳೀಯ ಕಚೇರಿಗಳೂ ಬ್ಯಾಂಕುಗಳೂ ಇದರ ಬಾಗಿಲನ್ನು ಅರ್ಧ ಮುಚ್ಚಿಯೇ ಇಟ್ಟವು.

ನಮ್ಮ ‘ಸಮಾನ ಶ್ರೇಣಿ, ಸಮಾನ ಪಿಂಚಣಿ’ ಹೋರಾಟಕ್ಕೆ ಇದನ್ನು ಹೋಲಿಸಬಹುದೇ?

ಅರ್ಧ ಮಾತ್ರ. 2015ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತ ಮಾಜಿ ಸೈನಿಕರು ಪಿಂಚಣಿಯ ತಾರತಮ್ಯ ಸರಿಪಡಿಸಿ ಎಂದರು. ಕೆಲಸವಿಲ್ಲದೆ ಬೀದಿಗೆ ಬಿದ್ದು ಬಂದವರಲ್ಲ. ಒಪ್ಪಿಕೊಂಡ ಮಾತನ್ನು ನಡೆಸಿಕೊಡಿ ಎಂದು ಪದಕ ಧರಿಸಿ ಕುಳಿತದ್ದು, ಸ್ವಾತಂತ್ರ್ಯ ದಿನದ ಹಿಂದಿನ ದಿನ ಪೊಲೀಸರು ಎಬ್ಬಿಸಲು ಹೋಗಿ ಟೀಕೆಗೆ ಗುರಿಯಾದದ್ದು ಮಾತ್ರ ಹತ್ತಿರದ ಹೋಲಿಕೆ.

ಗುಂಡಿಗೆ ಬಲಿಯಾದ ಹುಷ್ಕಾ ಯಾರು?

ಲಿಥುವೇನಿಯದಿಂದ ವಲಸೆ ಬಂದವರು. ಅಮೆರಿಕ ಯುದ್ಧಕ್ಕೆ ಇಳಿದಾಗ ಸೇಂಟ್ ಲೂಯಿಸ್‌ನಲ್ಲಿದ್ದ ತಮ್ಮ ಮಾಂಸದಂಗಡಿಯನ್ನು ಮಾರಿ ಸೈನ್ಯ ಸೇರಿದ್ದರು. ಮರಳಿದ ಮೇಲೆ ಬದುಕು ನೆಲೆಗೊಳ್ಳಲಿಲ್ಲ. ಸತ್ತ ಮೇಲೆ ಅವರನ್ನು ಆರ್ಲಿಂಗ್ಟನ್‌ನ ರಾಷ್ಟ್ರೀಯ ಸೇನಾ ಸ್ಮಶಾನದಲ್ಲಿ ಸೈನಿಕ ಗೌರವದೊಂದಿಗೆ ಮಣ್ಣು ಮಾಡಿದರು. ಅಲ್ಲಿ ಜಾಗ ಸಿಗಲು ಸೈನಿಕನಾಗಿದ್ದ ದಾಖಲೆ ಬೇಕು; ಅದು ಅವರ ಬಳಿ ಇತ್ತು.